ಯಾರೂ ಎದ್ದು ನಿಲ್ಲದ ಮನೆ

ನಮ್ಮ ಮನೆಗೆ ಯಾರು ಬಂದರೂ ನಾವು ಎದ್ದು ನಿಲ್ಲುವುದಿಲ್ಲ. ಪಾದ್ರಿಗಳು ಬಂದರೂ ಇಲ್ಲ, ಬೀಗರು ಬಂದರೂ ಇಲ್ಲ. ಕೂತಲ್ಲಿಂದಲೇ ಬನ್ನಿ ಎನ್ನುತ್ತೇವೆ, ಪಕ್ಕಕ್ಕೆ ಸರಿದು ಜಾಗ ಮಾಡುತ್ತೇವೆ, ಅಷ್ಟೆ. ನಮ್ಮ ಇಮೆರೆತಿ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಇಲ್ಲಿ ಬೇಲಿಯ ಬಾಗಿಲು ಕಿರುಗುಟ್ಟಿದರೆ ಸಾಕು, ಮನೆಯವರು ಎದ್ದು ಅರ್ಧ ಅಂಗಳ ದಾಟಿರುತ್ತಾರೆ. ಹಾಗಾಗಿ ಊರವರು ನಮ್ಮನ್ನು ಕೂತ ಮನೆಯವರು ಎಂದೇ ಕರೆಯುತ್ತಾರೆ. ನನ್ನ ಅಕ್ಕನ ಮದುವೆಯ ಮಾತು ಒಮ್ಮೆ ಇದೇ ಕಾರಣಕ್ಕೆ ಮುರಿದುಬಿತ್ತು. ಅಪ್ಪ ಆಗಲೂ ಏಳಲಿಲ್ಲ.

ಈ ನೇಮ ನಮ್ಮ ಮನೆಗೆ ಬಂದದ್ದು ರೋದಾಮ್ ಅಜ್ಜಿಯಿಂದ. ಊರವರಿಗೆ ಅವರು ರಷ್ಯದ ಅಜ್ಜಿ. ಮದುವೆಯ ಬಟ್ಟೆಗಳ ಅಂಚಿಗೆ ಕಸೂತಿ ಹಾಕಿಕೊಡುತ್ತಿದ್ದ, ಯಾರ ತಂಟೆಗೂ ಹೋಗದ ಮುದುಕಿ. ಅವರು ಯಾರೆಂದು ನಮ್ಮ ಮನೆಗೆ ಮಾತ್ರ ಗೊತ್ತಿತ್ತು. ಈಗ ಹೇಳಬಹುದು. ಕೇಳಿ ಹೆದರುವವರೂ ಇಲ್ಲ, ಕೇಳಿ ಹಿಡಿಯುವವರೂ ಇಲ್ಲ.

ರೋದಾಮ್ ನಮ್ಮ ಮನೆಗೆ ಬಂದಾಗ ಹನ್ನೆರಡು ದಿನದ ಕೂಸು. ಅರಸುಮಕ್ಕಳನ್ನು ಅರಮನೆಯಲ್ಲೇ ಬೆಳೆಸುವ ರೂಢಿ ಆಗ ಇರಲಿಲ್ಲ. ಹಾಲಿರುವ ತಾಯಿಯೊಬ್ಬಳನ್ನು ಹಳ್ಳಿಯಲ್ಲಿ ಹುಡುಕಿ, ಎಂಟು ವರ್ಷ ತುಂಬುವವರೆಗೆ ಮಗುವನ್ನು ಅವಳ ಮಡಿಲಿಗೆ ಬಿಡುತ್ತಿದ್ದರು. ಒಂದು ಹಳ್ಳಿಯ ಹಾಲು ಕುಡಿದವರು ಆ ಹಳ್ಳಿಯ ಮೇಲೆ ಕೈ ಎತ್ತುವುದಿಲ್ಲ ಎಂಬ ನಂಬಿಕೆ. ಆ ಶರತ್ಕಾಲದಲ್ಲಿ ನನ್ನ ಮುತ್ತಜ್ಜಿ ಸಿದೋನಿಯಾ ಹಡೆದು ಮೂರು ವಾರವಾಗಿತ್ತು. ಅವಳು ಹಡೆದ ಆ ಹೆಣ್ಣುಕೂಸೇ ನನ್ನ ಅಜ್ಜಿ ಪೆಪೆಲಾ. ಗಂಡ ಗಡಿಯ ಜಗಳದಲ್ಲಿ ಸತ್ತಿದ್ದ. ಮನೆಯಲ್ಲಿ ಇದ್ದದ್ದು ಸಿದೋನಿಯಾ, ಅವಳ ಮಾವ ಒತಿಯಾ, ಒಂದು ತೊಟ್ಟಿಲು. ತೊಟ್ಟಿಲಿಗೆ ಎರಡನೇ ಕೂಸು ಬಂತು.

ರೋದಾಮ್ ಅರಸನ ಸ್ವಂತ ಮಗಳಲ್ಲ, ವಂಶದ ಒಂದು ಕವಲಿನವಳು. ಅವಳ ತಾಯಿ ಹೆರಿಗೆಯಲ್ಲೇ ಹೋಗಿದ್ದಳು. ಆದರೆ ರಕ್ತ ಅದೇ, ಸಾವಿರ ವರ್ಷ ಆಳಿದ ರಕ್ತ. ಆ ರಕ್ತದ ಎದುರು ಯಾರೂ ಕೂರುವಂತಿರಲಿಲ್ಲ. ಅವರೇ ಕೂತುಕೊಳ್ಳಿ ಅಂದರೆ ಕೂರಬಹುದು. ಹಾಗೆನ್ನುವ ಹಕ್ಕು ಮಗುವಿಗೆ ಬರುವುದು ಎಂಟು ತುಂಬಿ, ಸೊಂಟಕ್ಕೆ ಬೆಳ್ಳಿಯ ಪಟ್ಟಿ ಕಟ್ಟಿದ ಮೇಲೆ. ಅದಕ್ಕೂ ಮೊದಲು ಅದು ಎಷ್ಟು ಹೇಳಿದರೂ ಆ ಮಾತಿಗೆ ತೂಕವಿಲ್ಲ. ಹಾಲು ಕೊಡುವವಳು ಹಾಲು ಕೊಡುವಷ್ಟು ಹೊತ್ತು ಕೂರಬಹುದು. ಹಾಲು ಬಿಡಿಸಿದ ದಿನದಿಂದ ಅವಳೂ ನಿಲ್ಲಬೇಕು.

ಹಾಲು ಬಿಡಿಸಿದ ದಿನ ರೋದಾಮ್ ಇಡೀ ದಿನ ಅತ್ತಳಂತೆ. ಎಲ್ಲ ಮಕ್ಕಳೂ ಅಳುತ್ತವೆ. ಅವಳು ಹಾಲಿಗಾಗಿ ಅಳಲಿಲ್ಲ, ಮಡಿಲಿಗಾಗಿ ಅತ್ತಳು ಎಂದು ಸಿದೋನಿಯಾ ಸಾಯುವವರೆಗೂ ಹೇಳುತ್ತಿದ್ದಳು.

ಅವಳು ಉಣ್ಣುವುದು ಒಬ್ಬಳೇ. ಗಿಡ್ಡ ಮೇಜೊಂದನ್ನು ಒಲೆಯ ಹತ್ತಿರ ಇಡುತ್ತಿದ್ದರು. ಅದರ ಮೇಲೆ ಮೆಕ್ಕೆಜೋಳದ ರೊಟ್ಟಿ, ಗಿಣ್ಣು, ಅಕ್ರೋಟಿನ ಪುಡಿ ಹಾಕಿದ ಹುರುಳಿ, ಹುಳಿ ಪ್ಲಮ್ಮಿನ ಗೊಜ್ಜು. ಸುತ್ತ ಮೂವರು ನಿಂತಿರುತ್ತಿದ್ದರು. ಅವಳು ಎದ್ದು ಹೊರಗೆ ಹೋದ ಮೇಲೆ ಆ ಮೂವರೂ ಕೂತು ಉಣ್ಣುವರು. ನಗು, ಮಾತು, ಬೋಗುಣಿ ಕೆರೆಯುವ ಸದ್ದು ಹೊರಗಿದ್ದ ಅವಳಿಗೆ ಕೇಳಿಸುತ್ತಿತ್ತು.

ಒತಿಯಾ ತಾತನಿಗೆ ಮಂಡಿನೋವು. ಗೋಡೆಗೆ ಒರಗಿದರೆ ಗೌರವವಲ್ಲ ಎಂದು ಒರಗುತ್ತಲೂ ಇರಲಿಲ್ಲ. ಅವನ ಮೊಳಕಾಲು ನಡುಗುವುದನ್ನು ಗಿಡ್ಡ ಮೇಜಿನ ಮುಂದೆ ಕೂತ ಮಗುವಿನ ಕಣ್ಣು ನೇರವಾಗಿ ನೋಡುತ್ತಿತ್ತು. ಎಷ್ಟಾದರೂ ಅವಳ ಕಣ್ಣಿನ ಮಟ್ಟಕ್ಕೆ ಸಿಗುತ್ತಿದ್ದದ್ದು ಜನರ ಮೊಳಕಾಲುಗಳೇ.

"ತಾತ, ಕೂತ್ಕೋ" ಎಂದಳು ಒಂದು ದಿನ. ಆಗ ಅವಳಿಗೆ ಐದು.

"ಆಗಲಿ ಚಿಕ್ಕೊಡತಿ. ನಿಮಗೆ ಎಂಟು ತುಂಬಲಿ, ಕೂರ್ತೀನಿ."

"ಎಂಟು ಯಾವಾಗ ತುಂಬುತ್ತೆ?"

"ಇನ್ನು ಮೂರು ದ್ರಾಕ್ಷಿ ಕೊಯ್ಲು ಆಗಬೇಕು."

"ಅಷ್ಟರಲ್ಲಿ ನಿನ್ನ ಮಂಡಿ ಮುರಿದುಹೋದ್ರೆ?"

"ಮುರಿದ ಮಂಡೀಲೇ ನಿಂತಿರ್ತೀನಿ. ನೀವು ಊಟ ಮಾಡಿ, ತಣ್ಣಗಾಗ್ತಿದೆ."

ಅಂದಿನಿಂದ ಅವಳು ಬೇಗ ಬೇಗ ಉಣ್ಣತೊಡಗಿದಳು. ರೊಟ್ಟಿಯನ್ನು ಬಾಯಿಗೆ ತುರುಕಿಕೊಂಡು ಹೊರಗೆ ಓಡುವಳು. ಮಳೆ ಬಂದರೂ ಓಡುವಳು. ಸಿದೋನಿಯಾ ಬಾಗಿಲಲ್ಲಿ ನಿಂತು ಕರೆದರೆ, "ನಂಗೆ ಮಳೆ ಇಷ್ಟ" ಎನ್ನುವಳು. ಮಳೆ ಅವಳಿಗೆ ಇಷ್ಟವಿರಲಿಲ್ಲ. ಒಳಗಿನವರು ಕೂರಲಿ ಎಂದು ಹೊರಗೆ ನಿಲ್ಲುತ್ತಿದ್ದಳು. ಇದು ಮನೆಯವರಿಗೆ ತಿಳಿದದ್ದು ಐವತ್ತು ವರ್ಷವಾದ ಮೇಲೆ.

ಪೆಪೆಲಾ ಅವಳ ಜೊತೆ ಆಡುತ್ತಿದ್ದಳು, ಆದರೆ ನಿಂತು. ಕುರಿಯ ಮೂಳೆಯ ಗಜ್ಜುಗಗಳನ್ನು ಬಗ್ಗಿ ಬಗ್ಗಿ ಆಡಿ ಸೊಂಟ ಹಿಡಿದುಕೊಳ್ಳುವಳು. ಒಮ್ಮೆ ಕುಕ್ಕರುಗಾಲಲ್ಲಿ ಕೂತು ಸಿಕ್ಕಿಬಿದ್ದಳು.

"ಕೂತಿದೀಯಲ್ಲೇ, ನಾಚಿಕೆಗೆಟ್ಟೋಳೆ" ಎಂದ ಒತಿಯಾ.

"ಕೂತಿಲ್ಲ ತಾತ. ಕುಕ್ಕರುಗಾಲಲ್ಲಿದೀನಿ. ಅದು ನಿಂತ ಹಾಗೇನೇ."

ಒತಿಯಾ ಅವಳ ಹಿಂದೆ ಹೋಗಿ ಬಗ್ಗಿ ನೋಡಿದ. ನ್ಯಾಯದ ಮಾತಾಗಿದ್ದರಿಂದ ಗಡ್ಡ ನೀವಿಕೊಂಡು ಯೋಚಿಸಿದ. "ನೆಲಕ್ಕೂ ನಿನ್ನ ತಿಕಕ್ಕೂ ನಡುವೆ ಒಂದು ಕೋಳಿಮೊಟ್ಟೆ ಹಿಡಿಸಬೇಕು. ಹಿಡಿಸಿದ್ರೆ ನಿಂತ ಹಾಗೆ ಲೆಕ್ಕ. ಇಲ್ಲದಿದ್ರೆ ಬೆನ್ನು ಸುಲೀತೀನಿ" ಎಂದ.

ರೋದಾಮ್ ತಾನೇ ಓಡಿ ಮೊಟ್ಟೆ ತಂದು ಇಟ್ಟಳು. ಪೆಪೆಲಾ ನಕ್ಕಳು, ಮೊಟ್ಟೆ ಒಡೆಯಿತು. ಮೂವರೂ ನಕ್ಕರು, ಇಬ್ಬರು ನಿಂತುಕೊಂಡು.

ಒಂದೇ ಒಂದು ಜಾಗದಲ್ಲಿ ಈ ನೇಮ ನಡೆಯುತ್ತಿರಲಿಲ್ಲ. ಅದು ಅಂಗಳದ ಮೂಲೆಯ ದೊಡ್ಡ ಹಿಪ್ಪುನೇರಳೆ ಮರ. ಕೊಂಬೆಯ ಮೇಲೆ ನಿಂತರೆ ಯಾರಾದರೂ ಬೀಳುತ್ತಾರೆ, ಆದ್ದರಿಂದ ಮರದ ಮೇಲೆ ಕೂರುವುದು ತಪ್ಪಲ್ಲ ಎಂದು ಒತಿಯಾ ತೀರ್ಪು ಕೊಟ್ಟಿದ್ದ. ಬೇಸಿಗೆಯ ಸಂಜೆಗಳಲ್ಲಿ ಇಬ್ಬರು ಹುಡುಗಿಯರು ಒಂದೇ ಕೊಂಬೆಯ ಮೇಲೆ ಕಾಲು ಇಳಿಬಿಟ್ಟು ಕೂತು ಹಣ್ಣು ತಿನ್ನುತ್ತಿದ್ದರು. ಇಬ್ಬರ ತುಟಿಯೂ ಕಪ್ಪು, ಇಬ್ಬರ ಬೆರಳೂ ಕಪ್ಪು. ಕೆಳಗಿಳಿದ ಮೇಲೆ ಒಬ್ಬಳು ಅರಸುಮಗಳು.

ಅರಸುತನ ಕುಸಿಯುತ್ತಿದ್ದದ್ದು ನಮ್ಮ ಹಳ್ಳಿಗೆ ಕಾಣಿಸಿದ್ದು ಕುದುರೆಗಳ ಎಣಿಕೆಯಲ್ಲಿ. ಮೊದಲ ವರ್ಷ ಮಗುವನ್ನು ನೋಡಲು ತಂದೆಯ ಕಡೆಯಿಂದ ಏಳು ಕುದುರೆ ಬಂದವು. ರೇಷ್ಮೆ, ಸಕ್ಕರೆ, ಸಿದೋನಿಯಾಳಿಗೆ ಕೆಂಪು ಶಾಲು ತಂದವು. ಮೂರನೇ ವರ್ಷ ಮೂರು ಕುದುರೆ, ಸಕ್ಕರೆ ಇಲ್ಲ. ಆರನೇ ವರ್ಷ ಒಂದೇ ಕುದುರೆ. ಸವಾರ ರಾತ್ರಿಯೂಟಕ್ಕೆ ಎರಡು ಸಲ ರೊಟ್ಟಿ ಕೇಳಿ ಹಾಕಿಸಿಕೊಂಡ. ಎಂಟು ತುಂಬಲು ಇನ್ನು ಒಂದೇ ಕೊಯ್ಲು ಬಾಕಿ ಇದ್ದ ವಸಂತದಲ್ಲಿ ಮುದುಕನೊಬ್ಬ ನಡೆದುಕೊಂಡು ಬಂದ. ಅವನ ಪಾದರಕ್ಷೆಗೆ ಹಗ್ಗ ಕಟ್ಟಿತ್ತು.

ಅವನು ಬಾಗಿಲಲ್ಲೇ ನಿಂತು ಹೇಳಿದ. ರಷ್ಯದವರು ರಾಜಧಾನಿ ಕುತಾಯಿಸಿಗೆ ಬಂದಿದ್ದಾರೆ. ಮಗುವಿನ ತಂದೆ ಬೆಟ್ಟ ದಾಟಿ ತುರ್ಕರ ಸೀಮೆಗೆ ಹೋಗಿದ್ದಾನೆ, ಬದುಕಿದ್ದಾನೋ ತಿಳಿಯದು. ವಂಶದ ಪ್ರತಿಯೊಬ್ಬರನ್ನೂ, ತೊಟ್ಟಿಲ ಕೂಸನ್ನೂ ಬಿಡದೆ ಹುಡುಕಿ ಉತ್ತರಕ್ಕೆ ಸಾಗಿಸುತ್ತಿದ್ದಾರೆ. ಕೈಯಲ್ಲಿ ಹೆಸರುಗಳ ಪಟ್ಟಿ ಇದೆ.

"ಮಗು ಇಲ್ಲ ಅಂತ ಹೇಳಿ" ಎಂದ ಅವನು. "ನಿಮಗೆ ಒಬ್ಬಳಲ್ಲ, ಇಬ್ಬರು ಹೆಣ್ಣುಮಕ್ಕಳು ಅನ್ನಿ. ಊರವರು ಬಾಯಿ ಬಿಡೋದಿಲ್ಲ. ನೀವೂ ಬಿಡಬೇಡಿ."

ಸಿದೋನಿಯಾ ಅಂದೇ ರೋದಾಮಳ ಕೂದಲು ಕತ್ತರಿಸಿದಳು. ಪೆಪೆಲಾಳ ಹಳೆಯ ಲಂಗ ತೊಡಿಸಿದಳು. ಹೆಸರು ತಾಸೋ ಎಂದಿಟ್ಟಳು. ಗಿಡ್ಡ ಮೇಜನ್ನು ಕೊಡಲಿಯಿಂದ ಒಡೆದು ಒಲೆಗೆ ಹಾಕಿದಳು. ಅದು ಉರಿಯುವುದನ್ನು ರೋದಾಮ್ ನೋಡುತ್ತ ನಿಂತಿದ್ದಳು. ಎಷ್ಟು ಚೆನ್ನಾಗಿ ಉರಿಯಿತು ಎಂದು ಮುದುಕಿಯಾದ ಮೇಲೂ ಹೇಳುತ್ತಿದ್ದರು.

ಆಮೇಲೆ ಮನೆಯವರು ಕೂರುವುದನ್ನು ಕಲಿಯಬೇಕಾಯಿತು. ಕೇಳಿದರೆ ನಗು ಬರುತ್ತದೆ. ಆದರೆ ಒತಿಯಾ ಅರವತ್ತು ವರ್ಷದಿಂದ ಆ ವಂಶದವರು ಕಂಡ ಕೂಡಲೇ ಎದ್ದವನು. ಅವನ ಅಪ್ಪ ಎದ್ದಿದ್ದ, ಅಜ್ಜ ಎದ್ದಿದ್ದ. ಸಿದೋನಿಯಾ ಅವನನ್ನು ಒಲೆಯ ಪಕ್ಕ ಅವನ ಮೂರುಕಾಲಿನ ಮಣೆಯ ಮೇಲೆ ಕೂರಿಸಿ, ರೋದಾಮಳನ್ನು ಬಾಗಿಲಿನಿಂದ ಒಳಗೆ ಹೊರಗೆ ಓಡಾಡಿಸಿದಳು.

"ಮಾವ, ಕೂತ್ಕೊಳ್ಳಿ."

"ಕೂತಿದೀನಲ್ಲಮ್ಮ."

"ಎಲ್ಲಿ ಕೂತಿದೀರಿ? ಮಣೆಗೂ ನಿಮಗೂ ನಡುವೆ ಮೊಟ್ಟೆ ಇಡಬಹುದು."

ಪೆಪೆಲಾ ನಕ್ಕಳು. ಒತಿಯಾ ಪಾಪದವನಂತೆ ಮುಖ ಮಾಡಿ, "ನಾನೇನು ಮಾಡಲಿ, ಬಾಗಿಲು ತೆಗೆದ್ರೆ ಕಾಲು ತಾನೇ ಏಳುತ್ತೆ. ನನ್ನ ಕೇಳೋದೇ ಇಲ್ಲ" ಎಂದ. ಇಪ್ಪತ್ತು ಸಲ, ಮೂವತ್ತು ಸಲ. ಕೊನೆಗೆ ಬಾಗಿಲು ತೆಗೆದಾಗ ಎರಡೂ ಕೈಯಿಂದ ಮಣೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದನ್ನು ಕಲಿತ.

ಹಾಗೆ ನಲವತ್ತು ದಿನ. ತನ್ನ ಬಾಲ್ಯವೆಂದರೆ ಆ ನಲವತ್ತು ದಿನ ಎಂದು ರೋದಾಮ್ ಅಜ್ಜಿ ಹೇಳುತ್ತಿದ್ದರು. ಎಲ್ಲರ ಜೊತೆ ಒಂದೇ ಬೆಂಚಿನಲ್ಲಿ ಕೂತು ಉಂಡಳು. ಪಕ್ಕದವರ ಮೊಳಕೈ ತನ್ನ ಪಕ್ಕೆಗೆ ತಾಗುವುದು ಎಂಥದೆಂದು ಮೊದಲ ಸಲ ತಿಳಿಯಿತು. ಜನರಿಗೆ ಮೊಳಕಾಲಿನ ಮೇಲೆ ಮುಖವಿದೆ, ಆ ಮುಖ ಹತ್ತಿರದಿಂದ ಬೆಚ್ಚಗಿರುತ್ತದೆ ಎಂದು ತಿಳಿಯಿತು. ರೇಷ್ಮೆಹುಳು ಸಾಕುವ ಕಾಲ ಅದು. ಎಲ್ಲರ ಹಾಗೆ ಅವಳೂ ಸೊಪ್ಪು ತಂದಳು, ತಟ್ಟೆ ತಿಕ್ಕಿದಳು.

"ಏ ತಾಸೋ, ಸೊಪ್ಪು ತಾರೇ, ಸೋಮಾರಿ" ಎಂದು ಪೆಪೆಲಾ ಕೂಗುವಳು.

ರೋದಾಮ್ ಹತ್ತಿರ ಬಂದು ಮೆಲ್ಲಗೆ ಕೇಳುವಳು, "ಇನ್ನೊಂದ್ಸಲ ಬಯ್ಯೇ."

"ಸೋಮಾರಿ. ಗೂಬೆ. ಕತ್ತೆ."

"ಸಾಕು. ನಾಳೆಗೂ ಇಟ್ಕೋ."

ನಲವತ್ತನೆಯ ದಿನ ಸಂಜೆ ಅವಳು ಹೊರಗಿನಿಂದ ಬಂದು, ಒಲೆಯ ಪಕ್ಕದ ಮೂರುಕಾಲಿನ ಮಣೆ ಖಾಲಿಯಿದ್ದದ್ದು ಕಂಡು, ಅದರ ಮೇಲೆ ಕೂತಳು. ಅದು ಒತಿಯಾನ ಮಣೆ. ಅದರ ಮೇಲೆ ಪೆಪೆಲಾ ಸಹ ಕೂರುತ್ತಿರಲಿಲ್ಲ. ಒತಿಯಾ ಒಳಗೆ ಬಂದ, ನೋಡಿದ. ಬಾಯಿ ಒಮ್ಮೆ ತೆರೆದು ಮುಚ್ಚಿಕೊಂಡ. ತಿರುಗಿ ಹೋಗಿ ಹೊಸ್ತಿಲ ಮೇಲೆ ಅವಳಿಗೆ ಬೆನ್ನು ಮಾಡಿ ಕೂತ. ತಾತನಿಗೆ ಸಿಟ್ಟು ಬಂದಿದೆ ಎಂದು ರೋದಾಮ್ ತಿಳಿದಳು. ಎದ್ದು ಕ್ಷಮೆ ಕೇಳಬೇಕೆಂದುಕೊಂಡಳು. ಒಲೆ ಬೆಚ್ಚಗಿತ್ತು, ಹಾಗೇ ನಿದ್ದೆ ಹೋದಳು.

ಮರುದಿನ ಬೆಳಗ್ಗೆ ರಷ್ಯದವರು ಬಂದರು. ಒಬ್ಬ ಅಧಿಕಾರಿ, ಐದು ಜನ ಸಿಪಾಯಿಗಳು, ಪೂರ್ವ ಸೀಮೆಯ ಒಬ್ಬ ದುಭಾಷಿ. ಮಳೆ ಹಿಡಿದಿತ್ತು. ಹುಳುಗಳು ಹಣ್ಣಾಗಿ ಗೂಡು ಕಟ್ಟುವ ಮುಂಚಿನ ಹಸಿವಿನಲ್ಲಿದ್ದವು. ಎರಡು ರಾತ್ರಿಯಿಂದ ದೊಡ್ಡವರಿಬ್ಬರೂ ನಿದ್ದೆಗೆಟ್ಟು ಸೊಪ್ಪು ಹಾಕುತ್ತಿದ್ದರು. ಅಧಿಕಾರಿ ಸಭ್ಯ ಮನುಷ್ಯ. ಬೂಟಿನ ಕೆಸರನ್ನು ಮೆಟ್ಟಿಲಲ್ಲೇ ಒರೆಸಿ ಬಂದ. ಸಿದೋನಿಯಾ ರೊಟ್ಟಿ, ಗಿಣ್ಣು, ಒಂದು ಹೂಜಿ ವೈನು ಇಟ್ಟಳು. ಒತಿಯಾ ಮಣೆಯ ಮೇಲೆ ಕೂತಿದ್ದ, ಬಟ್ಟಲು ಕೈಯಲ್ಲಿತ್ತು.

"ಎಷ್ಟು ಜನ ಮಕ್ಕಳಮ್ಮ?" ಎಂದ ದುಭಾಷಿ.

"ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ಇವಳು, ಇನ್ನೊಬ್ಬಳು ಸೊಪ್ಪಿಗೆ ಹೋಗಿದಾಳೆ."

"ಅರಸುಮನೆ ಮಗು ಒಂದು ಈ ಊರಲ್ಲಿತ್ತಂತಲ್ಲ."

"ಇತ್ತಂತೆ. ಹೋದ ಚಳಿಗಾಲದಲ್ಲಿ ಯಾರೋ ಬಂದು ಕರಕೊಂಡು ಹೋದ್ರಂತೆ. ಹುಳು ಸಾಕೋರು ನಾವು, ದೊಡ್ಡವರ ಮನೆ ಸುದ್ದಿ ನಮಗೇನು ಗೊತ್ತಾಗುತ್ತೆ? ಇನ್ನೊಂದು ರೊಟ್ಟಿ ಹಾಕಿಸ್ಕೊಳ್ಳಿ."

ದುಭಾಷಿ ಅದನ್ನೆಲ್ಲ ಹೇಳಿದ. ಅಧಿಕಾರಿ ತಲೆಯಾಡಿಸಿ ಪಟ್ಟಿಯ ಹಾಳೆಯನ್ನು ಮಡಿಸಿದ. ಅದನ್ನು ಅಂಗಿಯ ಒಳಗೆ ಇಡುತ್ತಲೂ ಇದ್ದ. ಒಲೆಯ ಶಾಖಕ್ಕೆ, ಎರಡು ರಾತ್ರಿಯ ನಿದ್ದೆಗೇಡಿಗೆ, ಒತಿಯಾನ ತಲೆ ಎದೆಯ ಮೇಲೆ ಬಾಗಿತ್ತು. ಅವನು ತೂಕಡಿಸುತ್ತಿದ್ದುದನ್ನು ಸಿದೋನಿಯಾ ನೋಡಲಿಲ್ಲ.

ಬಾಗಿಲು ತೆರೆಯಿತು. ನೆನೆದು ತೊಪ್ಪೆಯಾದ ಹುಡುಗಿಯೊಬ್ಬಳು ತೋಳ ತುಂಬ ಸೊಪ್ಪು ಹೊತ್ತು ಒಳಗೆ ಬಂದಳು.

ಒತಿಯಾ ಎದ್ದು ನಿಂತ. ಎದ್ದದ್ದಷ್ಟೇ ಅಲ್ಲ, ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಕಣ್ಣು ಇನ್ನೂ ಪೂರ್ತಿ ತೆರೆದಿರಲಿಲ್ಲ. ಬಟ್ಟಲು ಉರುಳಿ ವೈನು ನೆಲದ ಮೇಲೆ ಹರಿಯಿತು.

ಅಧಿಕಾರಿ ಮುದುಕನನ್ನು ನೋಡಿದ, ಮಗುವನ್ನು ನೋಡಿದ, ಹಾಳೆಯನ್ನು ಮತ್ತೆ ಹೊರಗೆ ತೆಗೆದ. ಅವನಿಗೆ ದುಭಾಷಿ ಬೇಕಾಗಲಿಲ್ಲ.

"ಮಾವನಿಗೆ ತಲೆ ಸರಿಯಿಲ್ಲ" ಎಂದಳು ಸಿದೋನಿಯಾ. ಅವಳ ದನಿ ಅಲುಗಲಿಲ್ಲ. "ಕೋಳಿ ಬಂದ್ರೂ ಏಳ್ತಾರೆ. ತಾಸೋ, ಸೊಪ್ಪು ಅಲ್ಲಿ ಹಾಕಿ ಬಾರೇ."

ಅಧಿಕಾರಿ ಏನೋ ಹೇಳಿದ. ದುಭಾಷಿ ನೆಲ ನೋಡುತ್ತ ಅದನ್ನು ನಮ್ಮ ಮಾತಿಗೆ ತಂದ. "ತಮ್ಮ ಅಜ್ಜನೂ ಒಡೆಯರ ಮುಂದೆ ಹೀಗೇ ಏಳ್ತಿದ್ದ ಅಂತಿದಾರೆ. ತಲೆ ಸರಿಯಿಲ್ಲದೋರು ಟೋಪಿ ತೆಗೆಯೋದಿಲ್ಲ ಅಂತಿದಾರೆ."

ರೋದಾಮ್ ಸೊಪ್ಪನ್ನು ಹಿಡಿದುಕೊಂಡೇ ನಿಂತಿದ್ದಳು. ಅವಳು ಯಾರನ್ನೂ ನೋಡುತ್ತಿರಲಿಲ್ಲ, ಒತಿಯಾನನ್ನೇ ನೋಡುತ್ತಿದ್ದಳು. ನಲವತ್ತು ದಿನ ಬಾಗಿಲು ತೆಗೆದಾಗಲೆಲ್ಲ ಕೂತೇ ಇದ್ದ ತಾತ ಇಂದು ಎದ್ದು ನಿಂತು ತನ್ನನ್ನು ತೋರಿಸಿಕೊಟ್ಟಿದ್ದ. ನಿನ್ನೆ ಅವನ ಮಣೆಯ ಮೇಲೆ ಕೂತದ್ದಕ್ಕೆ.

ಗಾಡಿ ಹೊರಟಾಗ ಸಿದೋನಿಯಾ ನದಿಯವರೆಗೂ ಹಿಂದೆ ಓಡಿದಳು. ಹೊಳೆ ತುಂಬಿತ್ತು, ಅದರಾಚೆ ಹೋಗಲಾಗಲಿಲ್ಲ. ಪೆಪೆಲಾ ಹಿಪ್ಪುನೇರಳೆ ಮರ ಹತ್ತಿ ಇಬ್ಬರೂ ಕೂರುತ್ತಿದ್ದ ಕೊಂಬೆಯ ಮೇಲೆ ನಿಂತು ನೋಡಿದಳು. ಅಲ್ಲಿ ನಿಂತರೆ ಬೀಳುತ್ತಾರೆ ಎಂಬುದು ಸುಳ್ಳು, ತಾನು ಬೀಳಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು.

ಒತಿಯಾ ಅಂದು ಮಧ್ಯಾಹ್ನ ಮಣೆಯ ಮೇಲೆ ಕೂತ. ಆಮೇಲೆ ನಾಲ್ಕು ವರ್ಷ ಬದುಕಿದ. ಹೊಲಕ್ಕೆ ಹೋಗುತ್ತಿದ್ದ, ದ್ರಾಕ್ಷಿ ತುಳಿಯುತ್ತಿದ್ದ, ನೆಲದಲ್ಲಿ ಹೂತ ಗುಡಾಣಗಳನ್ನು ತೊಳೆಯುತ್ತಿದ್ದ. ಆದರೆ ಮನುಷ್ಯರು ಬಂದರೆ ಮಾತ್ರ ಅವನು ಕೂತಿದ್ದಲ್ಲಿಂದ ಏಳಲಿಲ್ಲ. ಚರ್ಚಿನ ಪ್ರಾರ್ಥನೆಗೆ ಎಲ್ಲರೂ ನಿಲ್ಲಬೇಕಾದ್ದರಿಂದ ಅವನು ಒಳಗೇ ಹೋಗಲಿಲ್ಲ, ಹೊರಗಿನ ಕಲ್ಲುಗೋಡೆಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ.

"ದೇವರ ಮುಂದಾದ್ರೂ ಏಳಬಾರದೇನಯ್ಯ?" ಎಂದರಂತೆ ಪಾದ್ರಿಗಳು.

"ನನ್ನ ಕಾಲು ಒಂದು ಮಗೂನ ಹಿಡಿದು ಕೊಟ್ಟಿದೆ, ಪಾದ್ರಿಗಳೇ. ಇನ್ನು ಅದಕ್ಕೆ ಆ ಕೆಲಸ ಕೊಡೋದಿಲ್ಲ."

ಸಾಯುವ ಮುಂಚೆ ಸಿದೋನಿಯಾ ಮತ್ತು ಪೆಪೆಲಾ ಇಬ್ಬರಿಂದಲೂ ಮಾತು ತೆಗೆದುಕೊಂಡ, ಈ ಮನೆಯಲ್ಲಿ ಯಾರೂ ಯಾರಿಗಾಗಿಯೂ ಏಳಬಾರದು ಎಂದು. ಪೆಪೆಲಾ ಗಂಡನನ್ನು ಮನೆಯಳಿಯನಾಗಿ ತಂದುಕೊಂಡಾಗ ಅವನಿಗೂ ಅದನ್ನು ಕಲಿಸಿದಳು.

ರೋದಾಮಳನ್ನು ಉತ್ತರದ ಒಂದು ಊರಿನ ಮಠದ ಶಾಲೆಗೆ ಹಾಕಿದರು. ಅಲ್ಲಿ ನಲವತ್ತು ಹುಡುಗಿಯರು ಉದ್ದ ಬೆಂಚುಗಳಲ್ಲಿ ಕೂತು ಉಣ್ಣುತ್ತಿದ್ದರು. ಅವಳ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಎಲ್ಲರೂ ಕೂತಿದ್ದರು, ಆದರೆ ಯಾರೂ ಅವಳ ಜೊತೆ ಕೂತಿರಲಿಲ್ಲ. ಆ ಶರತ್ಕಾಲದಲ್ಲಿ ಅವಳಿಗೆ ಎಂಟು ತುಂಬಿತು. ಬೆಳ್ಳಿಯ ಪಟ್ಟಿ ಇರಲಿಲ್ಲ. ಅಂದು ರಾತ್ರಿ ಹಾಸಿಗೆಯ ಮೇಲೆ ಎದ್ದು ಕೂತು, ಹೊದಿಕೆಯೊಳಗೆ, ನಮ್ಮ ಮಾತಿನಲ್ಲಿ ಕೂತ್ಕೋ, ಕೂತ್ಕೋ ಎಂದು ಮೆಲ್ಲಗೆ ಹೇಳಿ ನೋಡಿದಳಂತೆ. ಕೇಳಲು ಯಾರಿದ್ದರು.

ಕಸೂತಿ ಕಲಿತಳು. ಅದೇ ಶಾಲೆಯಲ್ಲಿ ಕಸೂತಿ ಕಲಿಸುವವಳಾದಳು. ಮದುವೆಯಾಗಲಿಲ್ಲ. ಕಿಟಕಿಗೆ ಹಿಮ ಕಟ್ಟುವ ಒಂದು ಕೋಣೆಯಲ್ಲಿ ನಲವತ್ತು ವರ್ಷ ಕಳೆದಳು. ಊರಿಗೆ ಒಂದು ಕಾಗದವನ್ನೂ ಬರೆಯಲಿಲ್ಲ. ಕೊಟ್ಟುಬಿಟ್ಟವರಿಗೆ ಏನು ಬರೆಯುವುದು? ಆದರೆ ಒಂದು ಪ್ರಶ್ನೆ ಗಂಟಲಲ್ಲೇ ಇತ್ತು, ಮೀನಿನ ಮುಳ್ಳಿನ ಹಾಗೆ. ಪಟ್ಟಿ ಬರೆದವರೆಲ್ಲ ಸತ್ತುಹೋಗಿ, ಅರಸರ ಹೆಸರು ಕೇಳಿದರೆ ಯಾರೂ ತಲೆ ಎತ್ತದ ಕಾಲ ಬಂದಾಗ, ಐವತ್ತೆಂಟನೇ ವಯಸ್ಸಿನಲ್ಲಿ, ಅದನ್ನು ಕೇಳಲೆಂದೇ ಅವರು ಹೊರಟು ಬಂದರು.

ಅವರು ಬಂದ ದಿನ ನನಗೆ ಒಂಬತ್ತು ವರ್ಷ. ಅಂಗಳದ ಬೆಂಚಿನ ಮೇಲೆ ಅಜ್ಜಿ ಪೆಪೆಲಾ ಮತ್ತು ನಾನು ಹುರುಳಿಕಾಯಿ ಬಿಡಿಸುತ್ತಿದ್ದೆವು. ಬೂದುಬಣ್ಣದ ನಿಲುವಂಗಿ ತೊಟ್ಟ ಹೆಂಗಸೊಬ್ಬರು ಬೇಲಿಯ ಬಾಗಿಲು ತೆಗೆದು ಅಲ್ಲೇ ನಿಂತರು. ಮೊದಲು ನೋಡಿದ್ದು ನಮ್ಮನ್ನಲ್ಲ, ಮರವನ್ನು.

"ಬನ್ನಿ ತಾಯಿ, ಕೂತ್ಕೊಳ್ಳಿ" ಎಂದಳು ಅಜ್ಜಿ. "ಏಳಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ. ನಮ್ಮನೇಲಿ ಯಾರೂ ಏಳೋದಿಲ್ಲ."

"ಯಾಕೆ?" ಎಂದರು ಅವರು. ನಾನು ಬಿಡಿಸುತ್ತಿದ್ದ ಹುರುಳಿ ಬಿಟ್ಟು ಅವರ ಮುಖ ನೋಡಿದೆ. ತಲೆ ಪೂರ್ತಿ ನರೆತಿತ್ತು, ಆದರೆ ಮಾತು ನನಗಿಂತ ಚಿಕ್ಕ ಹುಡುಗಿಯದು. ಏಳನೇ ವಯಸ್ಸಿನಲ್ಲಿ ನಿಂತುಹೋದ ಮಾತು ಅದು, ಆಮೇಲೆ ಬೆಳೆದೇ ಇರಲಿಲ್ಲ.

ಅಜ್ಜಿಗೆ ಹೊಸಬರಿಗೆ ಈ ಕಥೆ ಹೇಳುವುದು ಅಭ್ಯಾಸವಾಗಿತ್ತು. ಹುರುಳಿ ಬಿಡಿಸುತ್ತಲೇ ಹೇಳಿದಳು. ಒಂದು ಮಗು ಇತ್ತು, ಅದನ್ನು ಬಚ್ಚಿಟ್ಟಿದ್ದೆವು. ತಾತನಿಗೆ ಎರಡು ರಾತ್ರಿ ನಿದ್ದೆಯಿರಲಿಲ್ಲ, ತೂಕಡಿಸುತ್ತಿದ್ದ. ಬಾಗಿಲ ಸದ್ದಿಗೆ ಕಾಲು ತಾನೇ ಎದ್ದುಬಿಟ್ಟಿತು. ಮಣೆ ಹಿಡಿದುಕೊಳ್ಳಲು ಕೈಗೆ ಎಚ್ಚರವಿರಲಿಲ್ಲ. "ಆಮೇಲೆ ಸಾಯೋವರೆಗೂ ಯಾರಿಗೂ ಏಳಲಿಲ್ಲ" ಎಂದಳು.

ಹೆಂಗಸು ಮತ್ತೊಮ್ಮೆ ಮರದ ಕಡೆ ನೋಡಿದರು. ಆಮೇಲೆ ಆ ಚಿಕ್ಕ ಹುಡುಗಿಯ ಮಾತಿನಲ್ಲೇ ಕೇಳಿದರು.

"ತಾತಂಗೆ ಸಿಟ್ಟು ಬಂದಿರಲಿಲ್ವಾ? ಹಿಂದಿನ ದಿನ ನಾನು ತಾತನ ಮಣೆ ಮೇಲೆ ಕೂತಿದ್ದೆ."

ಅಜ್ಜಿಯ ಕೈಯಿಂದ ಬೋಗುಣಿ ಜಾರಿತು. ಹುರುಳಿ ಅಂಗಳದ ತುಂಬ ಚೆಲ್ಲಿತು, ಕೋಳಿಗಳು ಓಡಿ ಬಂದವು. ಅಜ್ಜಿ ಎರಡೂ ಕೈಯನ್ನು ಮೊಳಕಾಲಿನ ಮೇಲೆ ಊರಿದಳು. ಏಳುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಯಾರಿಗಾಗಿಯೂ ಅವಳು ಏಳುವುದನ್ನು ನಾನು ಎಂದೂ ನೋಡಿರಲಿಲ್ಲ. ಹೆಂಗಸು ಬೇಗ ಬಂದು ಅವಳ ಹೆಗಲು ಒತ್ತಿ ಹಿಡಿದರು.

"ಪೆಪೆಲಾ, ಬೇಡ."

"ಸಿಟ್ಟಲ್ಲ ಕಣೇ" ಎಂದಳು ಅಜ್ಜಿ. ಅವಳ ಕಣ್ಣೀರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. "ಆ ರಾತ್ರಿ ತಾತ ಅವ್ವನ ಹತ್ರ ಹೇಳಿದ್ದು ನಾನೇ ಕೇಳಿಸ್ಕೊಂಡಿದೀನಿ. ಮಗು ನನ್ನ ಮಣೆ ಮೇಲೆ ಕೂತಿತ್ತು ಸಿದೋನಿಯಾ, ಇನ್ನು ಅದು ನಮ್ಮನೇ ಮಗೂನೇ, ಯಾರು ಬಂದು ಕೇಳಿದ್ರೂ ಕೊಡಬೇಡ, ಅಂದ್ರು. ಹೇಳೋವಾಗ ಅಳ್ತಿದ್ರು. ಅದಕ್ಕೇ ನಿನಗೆ ಬೆನ್ನು ಮಾಡಿ ಕೂತಿದ್ದು."

ಹೆಂಗಸು ಬೆಂಚಿನ ತುದಿಯಲ್ಲಿ ಕೂತರು. ನಾನು ಕೋಳಿಗಳನ್ನು ಓಡಿಸಲು ಹೋದೆ. ತಿರುಗಿ ಬಂದಾಗ ಇಬ್ಬರೂ ಪಕ್ಕಪಕ್ಕದಲ್ಲಿ ಕೂತಿದ್ದರು, ಮೊಳಕೈಗೆ ಮೊಳಕೈ ತಾಗಿಸಿಕೊಂಡು. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ, "ಐವತ್ತು ವರ್ಷ ಬೇಕಾಯ್ತೇನೇ ಬರೋದಕ್ಕೆ, ಸೋಮಾರಿ" ಎಂದಳು.

"ಇನ್ನೊಂದ್ಸಲ ಬಯ್ಯೇ" ಎಂದರು ಅವರು.

ಆಮೇಲೆ ಹನ್ನೊಂದು ವರ್ಷ ಅವರು ನಮ್ಮ ಮನೆಯಲ್ಲಿದ್ದರು. ನನಗೆ ಕಸೂತಿ ಕಲಿಸಿದವರು ಅವರೇ. ಸುಖವಾಗಿದ್ದರು ಎಂದು ಹೇಳಲಾರೆ. ಅಷ್ಟು ವರ್ಷದ ಒಂಟಿತನ ಒಂದು ಬೆಂಚಿನಿಂದ ಹೋಗುವಂಥದ್ದಲ್ಲ. ಎಲ್ಲರ ಜೊತೆ ಉಣ್ಣುವಾಗಲೂ ಬೇಗ ಬೇಗ ಉಂಡು ಏಳುತ್ತಿದ್ದರು, ಮಳೆ ಬಂದರೆ ಹೊರಗೆ ಹೋಗಿ ಸೂರಿನ ಕೆಳಗೆ ನಿಲ್ಲುತ್ತಿದ್ದರು. ಅಜ್ಜಿ ಹೋಗಿ ಕೈ ಹಿಡಿದು ಒಳಗೆ ಕರೆತರಬೇಕಾಗುತ್ತಿತ್ತು.

ಅವರು ಬಂದ ಮೇಲಿನ ಮೊದಲ ಈಸ್ಟರಿನ ಮರುದಿನ, ಸೋಮವಾರ, ಎಲ್ಲರ ಹಾಗೆ ನಾವೂ ಸಮಾಧಿಗಳ ಹತ್ತಿರ ಹೋದೆವು. ಕೆಂಪು ಬಣ್ಣ ಹಾಕಿದ ಮೊಟ್ಟೆ, ರೊಟ್ಟಿ, ವೈನು ಎಲ್ಲ ಇತ್ತು. ಊರಿಗೆ ಊರೇ ತಮ್ಮ ತಮ್ಮ ಸತ್ತವರ ಪಕ್ಕ ಹುಲ್ಲಿನ ಮೇಲೆ ಕೂತು ಉಣ್ಣುತ್ತಿತ್ತು. ನಾವು ಸಿದೋನಿಯಾ ಮತ್ತು ಒತಿಯಾ ಮಲಗಿದ್ದಲ್ಲಿ ಬಟ್ಟೆ ಹಾಸಿದೆವು. ರೋದಾಮ್ ಅಜ್ಜಿ ಸಿದೋನಿಯಾಳ ಕಲ್ಲನ್ನು ಮುಟ್ಟಿ ಮುದ್ದಿಟ್ಟರು. ಒತಿಯಾನ ಕಲ್ಲಿನ ಮುಂದೆ ಮಾತ್ರ ನಿಂತೇ ಇದ್ದರು. ನಾವು ಉಂಡು ಮುಗಿಸಿದೆವು, ಅವರು ನಿಂತೇ ಇದ್ದರು. ಅವರ ಮೊಳಕಾಲು ನಡುಗುವುದು ಲಂಗದ ಅಂಚಿನಲ್ಲಿ ಕಾಣುತ್ತಿತ್ತು.

"ಬಾರೇ, ಕೂತ್ಕೋ. ಕಾಲು ನೋಯುತ್ತೆ" ಎಂದಳು ಅಜ್ಜಿ.

"ಮೊದಲು ತಾತ ಕೂರಲಿ" ಎಂದರು ಅವರು.

ಕೈಯಲ್ಲಿದ್ದ ಕೆಂಪು ಮೊಟ್ಟೆಯನ್ನು ಬಗ್ಗಿ ಕಲ್ಲಿನ ಬುಡದ ಹುಲ್ಲಿನಲ್ಲಿ ಇಟ್ಟರು. ಆಮೇಲೆ ಬೆನ್ನು ನೇರ ಮಾಡಿ ನಿಂತು, ನಾನು ಅವರ ಬಾಯಿಂದ ಎಂದೂ ಕೇಳದಿದ್ದ ಒಡತಿಯ ದನಿಯಲ್ಲಿ, ಆದರೆ ಆ ಚಿಕ್ಕ ಹುಡುಗಿಯ ಮಾತಿನಲ್ಲೇ ಹೇಳಿದರು.

"ಕೂತ್ಕೋ ತಾತ. ನಂಗೆ ಎಂಟು ತುಂಬಿದೆ."